ಬಣ್ಣದ ಮಾಸ್ಟರ ಸೋರುವ ಮನಸ್ಸು

ಹಸಿರು ನಿಲುವಂಗಿ ತೊಡಿಸಿ, ಅದರ ಲಾಡಿಯನ್ನು ಬೆನ್ನ ಹಿಂದೆ ಕಟ್ಟಿ, ಉದ್ದನೆಯ ಹಲಗೆಯ ಮೇಲೆ ಮಲಗಿಸಿ, ಹಣೆಗೆ ಪಟ್ಟಿ ಬಿಗಿದು, ಆ ಹಲಗೆ ಮೆಲ್ಲಗೆ ದೊಡ್ಡ ಬಳೆಯಂಥ ಯಂತ್ರದೊಳಗೆ ಜಾರತೊಡಗಿದ ಮೇಲೆ ಈಶ್ವರನ್‌ಗೆ ಒಂದು ವಿಷಯ ಖಾತ್ರಿಯಾಯಿತು. ಇವರು ರೋಗಿ ಅಂತ ತಿಳಿದಿರುವುದು ತನ್ನನ್ನು.

ರೋಗಿ ತಾನಲ್ಲ ಅಂತ ಹೇಳಬೇಕಾದ ಹೊತ್ತು ಕಾಲು ಗಂಟೆ ಹಿಂದೆಯೇ ದಾಟಿಹೋಗಿತ್ತು. ರೋಗಿ ಅವನ ಅಕ್ಕ ನಾಚಿಯಮ್ಮನ ಗಂಡ, ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ಬಣ್ಣದ ಮಾಸ್ಟರ್ ಪೊನ್ನುಸಾಮಿ. ಹೊರಗಿನ ಬೆಂಚಿನ ಮೇಲೆ ನೆಲ ನೋಡುತ್ತ ಕೂತಿದ್ದ. "ಪೊನ್ನುಸಾಮಿ ಯಾರು?" ಎಂದು ಬಿಳಿ ಕೋಟಿನವನೊಬ್ಬ ಬಾಗಿಲಲ್ಲಿ ನಿಂತು ಕೂಗಿದಾಗಲೂ ನೆಲವನ್ನೇ ನೋಡುತ್ತಿದ್ದ. 'ಇಗೋ, ಇವರು' ಅನ್ನೋಣ ಅಂತ ಈಶ್ವರನ್ ಎದ್ದು ನಿಂತ. ಎದ್ದವನ ತೋಳು ಹಿಡಿದು ಬಿಳಿ ಕೋಟು ಒಳಗೆ ನಡೆಸಿಕೊಂಡು ಹೋಯಿತು. ಕೋಟಿನವನದೂ ತಪ್ಪಲ್ಲ. ನಾಲ್ಕು ತಿಂಗಳಿಂದ ಭಾವನ ಚಿಂತೆ ಹೊತ್ತು ಈಶ್ವರನ್ ಮುಖ ಎಷ್ಟು ಇಳಿದುಹೋಗಿತ್ತೆಂದರೆ, ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಕಾಯಿಲೆ ಯಾರಿಗೆ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಅವನನ್ನೇ ತೋರಿಸುತ್ತಿದ್ದರು. ಹತ್ತನೆಯವನು ಅವನಿಗೆ ಕುಡಿಯಲು ನೀರು ಕೊಡುತ್ತಿದ್ದ.

ಮೇಲಾಗಿ ಈಶ್ವರನ್ ಬಿಳಿ ಕೋಟು, ಖಾಕಿ ಅಂಗಿ, ಕಂಡಕ್ಟರಿನ ಸೀಟಿ, ಇವುಗಳಿಗೆ ಎದುರು ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ. ಜೊತೆಗೆ ಬಂದವರನ್ನೂ ಒಮ್ಮೆ ನೋಡುತ್ತಾರೇನೋ ಅಂದುಕೊಂಡು ಪಂಚೆ ಬಿಚ್ಚಿ ಕೊಟ್ಟ. ಪಂಚೆ ಒಮ್ಮೆ ಕೈಬಿಟ್ಟು ಹೋದ ಮೇಲೆ ಯಾವ ಗಂಡಸಿಗೂ ವಾದ ಮಾಡುವ ಧೈರ್ಯ ಉಳಿಯುವುದಿಲ್ಲ.

"ಸಾರ್, ನಾನು ಬಂದಿದ್ದು..." ಎಂದು ಬಳೆಯೊಳಗಿಂದ ಶುರು ಮಾಡಿದ.

"ಪೇಸಾದೀಂಗ!" ಎಂದು ಗಾಜಿನ ಆಚೆಯಿಂದ ಗದರಿಕೆ ಬಂತು. "ಮಾತಾಡಿದರೆ ತಲೆ ಅಲ್ಲಾಡುತ್ತೆ. ತಲೆ ಅಲ್ಲಾಡಿದರೆ ಪಟ ಕೆಡುತ್ತೆ!"

ಇಷ್ಟು ದೊಡ್ಡ ಯಂತ್ರ ತನ್ನಿಂದ ಕೆಡಬಾರದೆಂದು ಈಶ್ವರನ್ ತಲೆ ಮಾತ್ರವಲ್ಲ, ಉಸಿರನ್ನೂ ಅಲ್ಲಾಡಿಸಲಿಲ್ಲ.

ಹೊರಗೆ ಬಂದಾಗ ಪೊನ್ನುಸಾಮಿ ತಲೆಯೆತ್ತಿದ. ಮೈದುನ ಒಳಗೆ ಹೋದದ್ದನ್ನೂ ಕಂಡಿದ್ದ, ಈಗ ಪಂಚೆಯನ್ನು ಅಡ್ಡಾದಿಡ್ಡಿ ಸುತ್ತಿಕೊಂಡು ಬಂದದ್ದನ್ನೂ ಕಂಡ.

"ಆಯ್ತಾ?"

"ಆಯ್ತು ಭಾವಾ, ಆದ್ರೆ ಆಗಿದ್ದು ಏನಂದ್ರೆ..."

"ಆಯ್ತಲ್ಲ. ನಡಿ ಮಾಪ್ಳೆ."

ಆ ವಾರ ಪೊನ್ನುಸಾಮಿ ಆಡಿದ ಅತಿ ಉದ್ದದ ಮಾತು ಅದು. ಮುಗಿಸಿ ಎದ್ದವನು ಬಸ್ ಸ್ಟಾಪಿನ ಕಡೆ ನಡೆದೇಬಿಟ್ಟ. ಅವನನ್ನು ಇಲ್ಲಿಗೆ ಕರೆತರಲು ಇಡೀ ಆಡಿ ತಿಂಗಳು ಹಿಡಿದಿತ್ತು. ಇನ್ನೊಮ್ಮೆ ಕೂರಿಸುವುದು ಆಗದ ಮಾತು. ಬಳೆಯೊಳಗೆ ಆಗಲೇ ಬೇರೆ ಯಾರದೋ ತಲೆ ಹೋಗಿತ್ತು. ಸಂಜೆ ಈಶ್ವರನ್ ಒಬ್ಬನೇ ಮತ್ತೆ ಬಂದು, ಮೇಲೆ 'ಪೊನ್ನುಸಾಮಿ, ವಯಸ್ಸು ೫೨' ಎಂದು ಬರೆದ, ಒಳಗೆ ತನ್ನ ತಲೆಯಿದ್ದ ದೊಡ್ಡ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಅವನ ವಯಸ್ಸು ಮೂವತ್ತೊಂಬತ್ತು. ಅದೊಂದು ಬೇರೆ ಬೇಜಾರು.

ಇಷ್ಟಕ್ಕೂ ಪೊನ್ನುಸಾಮಿ ಯಾರು ಅಂತ ಕರುಮತ್ತಂಪಟ್ಟಿಯಲ್ಲಿ ಕೇಳಬೇಕಾಗಿಲ್ಲ. ನೂಲಿನ ಲಡಿಗಳಿಗೆ ಬಣ್ಣ ಹಾಕುವ ಶೆಡ್ಡಿಗೆ ಅಲ್ಲಿ ಸಾಯಪಟ್ಟರೆ ಅನ್ನುತ್ತಾರೆ. ಸಾಯ ಅಂದರೆ ತಮಿಳಿನಲ್ಲಿ ಬಣ್ಣ. ಕನ್ನಡದ ಕಿವಿಗೆ ಅಪಶಕುನದಂತೆ ಕೇಳಿಸಿದರೂ ಮೂರು ತಲೆಮಾರಿನಿಂದ ಆ ಮನೆಯವರು ಅದೇ ಪದ ಉಣ್ಣುತ್ತ ಬಂದಿದ್ದಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಜಗಳ ಮಾತ್ರ ಎರಡರಲ್ಲೂ.

ಪೊನ್ನುಸಾಮಿಗೆ ಒಂದೇ ಒಂದು ಅಹಂಕಾರವಿತ್ತು, ಕಣ್ಣಿನದು. ಅರಗಿನ ಕೆಂಪಿನಲ್ಲಿ ಹನ್ನೊಂದು ಬಗೆ ಇದೆ ಅನ್ನುತ್ತಿದ್ದ. ಉಳಿದವರಿಗೆ ಎರಡು ಕಾಣುತ್ತಿತ್ತು, ಮರ್ಯಾದೆಗೆ ಮೂರು ಅನ್ನುತ್ತಿದ್ದರು. ಟ್ಯೂಬ್ ಲೈಟಿನ ಕೆಳಗೆ ಬಣ್ಣ ನೋಡುವವನನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಒದ್ದೆ ಲಡಿಯನ್ನು ಹೆಬ್ಬೆರಳಲ್ಲಿ ಹಿಂಡಿ, ಬಾಗಿಲಿಗೆ ತಂದು, ಹತ್ತು ಗಂಟೆಯ ಬಿಸಿಲಿಗೆ ಹಿಡಿದು, "ಉಪ್ಪು ಒಂದು ಹಿಡಿ ಕಮ್ಮಿ" ಅಂದರೆ ಕಮ್ಮಿಯೇ. ಒಮ್ಮೆ ಸಂಬಂಧಿಕರ ಮದುವೆಗೆ ಹೋಗಿ, ಮದುಮಗಳ ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ, "ಎರಡು ಒಗೆತಕ್ಕೆ ಇಳಿಯುತ್ತೆ" ಎಂದು ಹೇಳಿ ಊಟಕ್ಕೆ ಕೂತವನು. ಊಟ ಬಡಿಸಿದವರು ಅವನ ಎಲೆಗೆ ಪಾಯಸ ಬಡಿಸಲಿಲ್ಲ. ಸೀರೆ ಎರಡನೇ ಒಗೆತಕ್ಕೇ ಇಳಿಯಿತಂತೆ.

ಇಂಥವನು ಎಂಬತ್ತೇಳನೇ ಇಸವಿಯ ಚಿತ್ತಿರೈ ತಿಂಗಳಲ್ಲಿ ಒಂದು ಬೆಳಗ್ಗೆ, ಮಾದರಿ ನೂಲು ಹಿಡಿದು ಬಂದ ನೇಕಾರನಿಗೆ, "ಯಾವ ಕೆಂಪಾದ್ರೇನು, ಎಲ್ಲಾ ಒಂದೇ ಥರ ಕಾಣ್ತದೆ" ಅಂದ. ನೇಕಾರ ತಮಾಷೆಯೆಂದು ನಕ್ಕ. ಮಾಸ್ಟರ್ ನಗಲಿಲ್ಲ. ಅದಾಗಿ ಒಂದು ವಾರಕ್ಕೆ ಪಟ್ಟರೆಗೆ ಹೋಗುವುದು ನಿಂತಿತು. ಬೆಳಗಿನ ಜಾವಕ್ಕೇ ಎಚ್ಚರ, ಆದರೆ ಮಂಚ ಬಿಟ್ಟು ಏಳಲಾರ. ಇಡ್ಲಿ ಮುರಿಯುತ್ತಿದ್ದ, ಬಾಯಿಗೆ ಹಾಕುತ್ತಿರಲಿಲ್ಲ. ಊರು ತನಗೆ ತಿಳಿದ ಹೆಸರುಗಳನ್ನೆಲ್ಲ ಇಟ್ಟುನೋಡಿತು. ದೃಷ್ಟಿ ಅಂದಿತು, ಕೊಬ್ಬು ಅಂದಿತು, ಐವತ್ತು ದಾಟಿದ ಗಂಡಸಿನ ಸೋಮಾರಿತನ ಅಂದಿತು.

ಕೊನೆಗೆ ಈಶ್ವರನ್ ಅವನನ್ನು ಕೊಯಮತ್ತೂರಿನ ಮನೋವೈದ್ಯೆ ಜಾನಕಿಯಮ್ಮನವರ ಹತ್ತಿರ ಕರೆದುಕೊಂಡು ಹೋದ. ಅವರು ಒಂದು ಗಂಟೆ ಕೇಳಿ, ಮಾತ್ರೆ ಬರೆದು, ತಮಿಳಿನಲ್ಲಿ ಹೇಳಿದರು: "ಇದು ಮನಚ್ಚೋರ್ವು. ಕಾಯಿಲೆ. ಸೋಮಾರಿತನ ಅಲ್ಲ." ಆಮೇಲೆ ಈಶ್ವರನನ್ನು ಮಾತ್ರ ನಿಲ್ಲಿಸಿಕೊಂಡು, "ಒಬ್ಬರನ್ನೇ ಬಿಡಬೇಡಿ. ಪಟ್ಟರೆಯಲ್ಲಿ ಏನೇನೋ ಡಬ್ಬಿ ಇರುತ್ತಲ್ಲ, ಬೀಗದ ಕೈ ನಿಮ್ಮ ಅಕ್ಕನ ಹತ್ತಿರ ಇರಲಿ" ಅಂದರು. ನಾಚಿಯಮ್ಮ ಆವತ್ತೇ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

ಈಗ ಆ ಪದದ ವಿಷಯ. ತಮಿಳಿನಲ್ಲಿ ಸೋರ್ವು ಅಂದರೆ ಬಳಲಿಕೆ, ಕುಗ್ಗುವುದು. ಈಶ್ವರನ್‌ಗೆ ಅದು ಗೊತ್ತಿತ್ತು. ಆದರೆ ಮನೆಗೆ ಬಂದು ಪೊನ್ನುಸಾಮಿಯ ತಾಯಿ ಕನ್ನಿಯಮ್ಮಾಳ್‌ಗೆ ಅದನ್ನು ಹೇಳಿದನಲ್ಲ, ಅಲ್ಲಿ ಕೆಟ್ಟಿತು. ಎಪ್ಪತ್ತಾರರ ಮುದುಕಿ, ಬಲಗಿವಿ ಪೂರ್ತಿ ಇಲ್ಲ, ಎಡಗಿವಿ ತನಗೆ ಬೇಕಾದ್ದಕ್ಕೆ ಮಾತ್ರ.

"ಏನಂತೋ ಈಸ್ವರಾ ನನ್ ಮಗನಿಗೆ?"

"ಮನಸ್ಸೋರ್ವು ಅಂತೆ ಅತ್ತೆ."

"ಅಯ್ಯೋ! ಮನಸ್ಸು ಸೋರ್ತಾ ಅದೆಯಾ?"

ತಿದ್ದಬೇಕಿತ್ತು. ಆದರೆ ಈಶ್ವರನ್ ಕೊಯಮತ್ತೂರಿನ ಗಣಪತಿ ಬಡಾವಣೆಯ ಪಂಪ್ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷದಿಂದ ಪಂಪು ಸೋರುತ್ತದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದವನು. ಸೋರುತ್ತದೆ ಅನ್ನುವ ಮಾತು ಕೇಳಿದರೆ ಅವನ ಮನಸ್ಸಿಗೆ ಒಂದು ನಮೂನೆಯ ನೆಮ್ಮದಿ. ಮೋಟಾರು ತಿರುಗುತ್ತದೆ, ಸದ್ದೂ ಬರುತ್ತದೆ, ಆದರೂ ತೊಟ್ಟಿಗೆ ನೀರು ಏರುವುದಿಲ್ಲ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಭಾವನ ಸ್ಥಿತಿ ನೋಡಿದರೆ ಹಾಗೇ ಇತ್ತಲ್ಲವೇ? "ಹೂಂ ಅತ್ತೆ, ಹಾಗೇ ಒಂಥರಾ" ಅಂದುಬಿಟ್ಟ.

ಎರಡೇ ದಿನದಲ್ಲಿ ಬೀದಿಗೆಲ್ಲ ಮಾಸ್ಟರ ಮನಸ್ಸು ಸೋರುವ ಸುದ್ದಿ ಮುಟ್ಟಿತು. ಒಂದು ಲಾಭವಾಯಿತು. ಕೊಬ್ಬು, ಸೋಮಾರಿತನ ಅನ್ನುವ ಮಾತು ನಿಂತುಹೋಯಿತು. ಸೋರುವುದಕ್ಕೆ ಪಾಪ ಅವನೇನು ಮಾಡಿಯಾನು?

ನಷ್ಟವೂ ಆಯಿತು. ನಾಲ್ಕು ದಿನ ಮಾತ್ರೆ ನುಂಗಿದ ಪೊನ್ನುಸಾಮಿ ಐದನೇ ದಿನ ಗೋಡೆಯ ಕಡೆ ತಿರುಗಿ ಮಲಗಿ ಹೇಳಿದ: "ಎಲ್ಲಿ ಸೋರ್ತದೆ ತೋರಿಸು. ಕಣ್ಣಿಗೆ ಕಂಡ್ರೆ ತಗೋತೀನಿ. ಕಾಣದೇ ಇರೋದಕ್ಕೆ ನಾನು ಮದ್ದು ತಿನ್ನಲ್ಲ." ಡಾಕ್ಟರಮ್ಮ ಬೇಡ ಬೇಡ ಅಂದರೂ ಈಶ್ವರನ್ ಕಾಡಿ ಬೇಡಿ ತಲೆಯ ಸ್ಕ್ಯಾನಿಗೆ ಚೀಟಿ ಬರೆಸಿಕೊಂಡ. ಪಟದಲ್ಲಿ ಏನಾದರೂ ಕಂಡರೆ ಭಾವ ಮಾತ್ರೆ ತಗೊಳ್ಳುತ್ತಾನೆ. ಕಾಣದಿದ್ದರೆ ಇಲ್ಲ. ಅಕ್ಕನ ಸೆರಗಿನ ಗಂಟನ್ನು ನೋಡಿದಾಗಲೆಲ್ಲ ಈಶ್ವರನ್ ಜೇಬಿನಲ್ಲಿದ್ದ ಆ ಚೀಟಿಯನ್ನು ಇನ್ನೊಮ್ಮೆ ಮುಟ್ಟಿನೋಡಿಕೊಳ್ಳುತ್ತಿದ್ದ. ಅಷ್ಟಾಗಿ, ಬಳೆಯೊಳಗೆ ಹೋಗಿ ಮಲಗಿದವನು ತಾನೇ.

ಮಾರನೇ ವಾರ ಡಾಕ್ಟರಮ್ಮ ಆ ಪಟವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದರು. ಕಪ್ಪು ಬಿಳುಪಿನ ಹನ್ನೆರಡು ಹೋಳು.

"ಏನೂ ಇಲ್ಲ," ಅಂದರು. "ಎಲ್ಲಾ ಇರಬೇಕಾದ ಹಾಗೇ ಇದೆ. ಬಹಳ ಚೆನ್ನಾಗಿರೋ ಮೆದುಳು."

ಈಶ್ವರನ್ ತನಗೇ ಗೊತ್ತಿಲ್ಲದೆ ನೆಟ್ಟಗೆ ಕೂತ. ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷ ದುಡಿದರೂ ಅವನ ಮೆದುಳನ್ನು ಯಾರೂ ಹೊಗಳಿರಲಿಲ್ಲ. ಹೊಗಳಿದ ದಿನ ಅದು ಬೇರೆಯವರ ಹೆಸರಿನಲ್ಲಿತ್ತು.

ಪೊನ್ನುಸಾಮಿ ಒಮ್ಮೆ ಪಟ ನೋಡಿದ, ಒಮ್ಮೆ ಮೈದುನನನ್ನು ನೋಡಿದ. "ಏನೂ ಇಲ್ವಲ್ಲ. ಹಾಗಾದ್ರೆ ಮಾತ್ರೆ ಬೇಡಿಂಗ" ಎಂದು ಎದ್ದ.

'ಅದು ನನ್ನ ತಲೆ' ಅಂತ ಈಗ ಹೇಳಬೇಕು. ಹೇಳಿದರೆ ಮತ್ತೆ ಸ್ಕ್ಯಾನು, ಭಾವ ಬರುವುದಿಲ್ಲ. ಹೇಳದಿದ್ದರೆ ಮಾತ್ರೆ ಇಲ್ಲ.

"ಕೂತ್ಕೊಳ್ಳಿ ಮಾಸ್ಟರ್," ಅಂದರು ಡಾಕ್ಟರಮ್ಮ. "ಈ ಪಟದಲ್ಲಿ ಕಾಣೋದು ಮೆದುಳಿನ ಆಕಾರ ಮಾತ್ರ. ನಿಮ್ಮ ಕಾಯಿಲೆ ಆಕಾರದಲ್ಲಿಲ್ಲ. ಅದರೊಳಗಿನ ರಸಾಯನದಲ್ಲಿದೆ." ಹಾಗೆಂದು ಮೇಜಿನ ಖಾನೆಯಿಂದ ಒಂದು ದಪ್ಪ ಇಂಗ್ಲಿಷ್ ಪತ್ರಿಕೆ ತೆಗೆದರು. ಪರದೇಶದಲ್ಲಿರುವ ಗೆಳತಿ ಕಳಿಸಿದ್ದಂತೆ. ನಡುವಿನ ಹಾಳೆಯಲ್ಲಿ ಎರಡು ದುಂಡನೆಯ ಚಿತ್ರ. ಕೆಂಪು, ಹಳದಿ, ಹಸಿರು, ನೀಲಿ. "ಇದೂ ಮೆದುಳೇ. ಈ ಕಡೆಯದು ಆರೋಗ್ಯವಾಗಿರೋರದು. ಆ ಕಡೆಯದು ನಿಮ್ಮ ಹಾಗೆ ಮನಚ್ಚೋರ್ವು ಇರೋರದು."

ಪೊನ್ನುಸಾಮಿ ನಿಂತಲ್ಲೇ ನಿಂತ. ಆಮೇಲೆ ಪತ್ರಿಕೆಯನ್ನು ಡಾಕ್ಟರಮ್ಮನ ಕೈಯಿಂದ ತೆಗೆದುಕೊಂಡು, ಟ್ಯೂಬ್ ಲೈಟಿನ ಕಡೆ ಒಂದು ತಿರಸ್ಕಾರದ ನೋಟ ಎಸೆದು, ಕಿಟಕಿಯ ಬಿಸಿಲಿಗೆ ಹೋದ. ಈಶ್ವರನ್ ಕುರ್ಚಿಯ ತುದಿಗೆ ಸರಿದ.

"ಇದಕ್ಕೆ ಸಾಯ ಹಾಕಿದ್ದು ಯಾರು?"

"ಕಂಪ್ಯೂಟರು."

"ತಲೆಯೊಳಗೆ ಇಂಥ ನೀಲಿ ಇರುತ್ತಾ?"

"ಇಲ್ಲ ಮಾಸ್ಟರ್. ಸೂಜಿಯಲ್ಲಿ ಸಕ್ಕರೆಯಂಥ ಒಂದು ಮದ್ದು ಕೊಡ್ತಾರೆ. ಮೆದುಳು ಎಲ್ಲಿ ಚುರುಕಾಗಿ ಕೆಲಸ ಮಾಡುತ್ತೋ ಅಲ್ಲಿ ಅದನ್ನ ಜಾಸ್ತಿ ಎಳ್ಕೊಳ್ಳುತ್ತೆ. ಯಂತ್ರ ಅದನ್ನ ಅಳೆದು, ಜಾಸ್ತಿ ಇದ್ದಲ್ಲಿಗೆ ಕೆಂಪು, ಕಮ್ಮಿ ಇದ್ದಲ್ಲಿಗೆ ನೀಲಿ ಕೊಡುತ್ತೆ."

"ಕಮ್ಮಿಗೆ ನೀಲಿ ಅಂತ ಹೇಳಿದ್ದು ಯಾರು?"

"ಅವರೇ ಇಟ್ಟುಕೊಂಡಿದ್ದು."

"ಗಿಳಿಹಸಿರು ಇಡಬಹುದಿತ್ತು."

"ಇಡಬಹುದಿತ್ತು," ಅಂದರು ಡಾಕ್ಟರಮ್ಮ, ಗಂಭೀರವಾಗಿ.

ಪೊನ್ನುಸಾಮಿ ಚಿತ್ರದ ಮೇಲೆ ಹೆಬ್ಬೆರಳು ತಿಕ್ಕಿದ. "ಕೆಂಪು ಹಳದಿ ಮೇಲೆ ಇಳಿದಿದೆ. ಸರಿಯಾಗಿ ಹಿಡಿದಿಲ್ಲ."

ನಾಲ್ಕು ತಿಂಗಳಲ್ಲಿ ಭಾವ ಒಂದು ಬಣ್ಣಕ್ಕೆ ತಪ್ಪು ಹೇಳಿದ್ದು ಇದೇ ಮೊದಲು.

"ನಿಮಗೆ ಸುಳ್ಳು ಹೇಳೋದಿಲ್ಲ," ಅಂದರು ಡಾಕ್ಟರಮ್ಮ. "ಇಂಥ ಪಟ ಇಲ್ಲಿ ಯಾರೂ ತೆಗೆಯಲ್ಲ. ಅಲ್ಲೂ ಕೆಲವೇ ಜನರಿಗೆ ತೆಗೆದು ನೋಡ್ತಿದಾರೆ. ಅವರಿಗೂ ಪೂರ್ತಿ ಅರ್ಥ ಆಗಿಲ್ಲ. ಪಟ ನೋಡಿ ಮಾತ್ರೆ ಕೊಡೋದು ಅಲ್ಲೂ ಇಲ್ಲ. ನಾನು ಮಾತ್ರೆ ಕೊಡೋದು ಯಾಕೆಂದ್ರೆ, ಅದನ್ನ ತಗೊಂಡು ವಾಪಸು ಬಂದೋರನ್ನ ನನ್ನ ಕಣ್ಣಲ್ಲೇ ನೋಡಿದೀನಿ."

ಕಣ್ಣಲ್ಲಿ ನೋಡಿದೀನಿ ಅನ್ನುವ ಮಾತು ಪೊನ್ನುಸಾಮಿಗೆ ತಾಗಿತೋ ಏನೋ. ಪತ್ರಿಕೆಯನ್ನು ಮಡಿಸಿ ಡಾಕ್ಟರಮ್ಮನ ಕೈಗೆ ಕೊಟ್ಟ. ಆಮೇಲೆ, ಯಾರಿಗೋ ಕೆಲಸ ಹೇಳಿಕೊಡುವ ದನಿಯಲ್ಲಿ ಶುರು ಮಾಡಿದ.

"ನಾಫ್ತಾಲ್ ಕೆಂಪು ಅಂತ ಒಂದಿದೆ ಡಾಕ್ಟರಮ್ಮ. ಎರಡು ತೊಟ್ಟಿ ಸಾಯ. ಮೊದಲನೇ ತೊಟ್ಟಿಯಲ್ಲಿ ಅದ್ದಿ ತೆಗೆದ್ರೆ ನೂಲು ಮಾಸಲು ಬಿಳಿ. ಬಣ್ಣ ಅನ್ನೋದೇ ಇರಲ್ಲ. ಹೊಸಬ ಆದ್ರೆ ಏನೂ ಹಿಡಿದಿಲ್ಲ ಅಂತ ಎಸೆದುಬಿಡ್ತಾನೆ. ಆದ್ರೆ ಒಳಗೆ ಎಲ್ಲಾ ಕೂತಿರುತ್ತೆ. ಎರಡನೇ ತೊಟ್ಟಿಗೆ ಇಳಿಸಿದ್ರೆ ಆಗಲೇ ಕೆಂಪು." ಬೆಳಕಿನ ಪೆಟ್ಟಿಗೆಯನ್ನು ಗಲ್ಲದಿಂದಲೇ ತೋರಿಸಿದ. "ಆ ಕಪ್ಪು ಬಿಳಿ ಪಟ ಮೊದಲ ತೊಟ್ಟಿಯ ನೂಲು. ನೋಡಿ ಪ್ರಯೋಜನ ಇಲ್ಲ."

"ನನಗಿಂತ ಚೆನ್ನಾಗಿ ಹೇಳಿದ್ರಿ," ಅಂದರು ಡಾಕ್ಟರಮ್ಮ.

"ನಿಮ್ಮ ಮಾತ್ರೆ ಎರಡನೇ ತೊಟ್ಟಿಯಾ? ಎಷ್ಟು ಹೊತ್ತು ಹಿಡಿಯುತ್ತೆ?"

"ಮೂರರಿಂದ ನಾಲ್ಕು ವಾರ."

"ಇಷ್ಟು ನಿಧಾನದ ಸಾಯ ನಾನು ಕಂಡಿಲ್ಲ" ಎಂದು ಪೊನ್ನುಸಾಮಿ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಅವನು ಮುಂದೆ ಹೋದ ಮೇಲೆ ಈಶ್ವರನ್ ಬಾಗಿಲಲ್ಲೇ ನಿಂತು, ಆ ತಲೆ ಯಾರದೆಂದು ಡಾಕ್ಟರಮ್ಮನಿಗೆ ಒಪ್ಪಿಸಿದ. ಅವರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಫೈಲು ಸ್ವಲ್ಪ ಹೊತ್ತು ಕುಲುಕಿತು. "ಪಟ ಬೇಕು ಅಂತ ಕುಣಿದಿದ್ದು ನೀವು, ನಾನಲ್ಲ," ಅಂದರು ಕೊನೆಗೆ. "ಅಗತ್ಯ ಕಂಡರೆ ಮುಂದೆ ನಾನೇ ತೆಗೆಸ್ತೀನಿ. ಈಗ ಎಳೆದಾಡಬೇಡಿ. ಅವರು ಇವತ್ತು ಕೇಳಿದ ಪ್ರಶ್ನೆ ಎಷ್ಟು ಅಂತ ಎಣಿಸಿದ್ರಾ?"

ಮನೆಯಲ್ಲಿ ಮಾತ್ರ ಈಶ್ವರನ್ ಬಾಯಿ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ನಾಚಿಯಮ್ಮ ಆ ಪಟವನ್ನು ಬಟ್ಟೆ ಕ್ಲಿಪ್ಪಿನಲ್ಲಿ ಕಿಟಕಿ ಸರಳಿಗೆ ನೇತುಹಾಕಿ ಬಂದವರಿಗೆಲ್ಲ ತೋರಿಸುತ್ತಿದ್ದಳು. ಎದುರು ಮನೆ ಪಾಪಾತಿ ಬಂದು, "ಬೂದುಗುಂಬಳದ ಹೋಳಿನ ಥರ ಎಷ್ಟು ಅಂದವಾಗಿದೆ! ಮಾಸ್ಟರ ಮೆದುಳಲ್ವಾ!" ಅಂದಳು. ಕನ್ನಿಯಮ್ಮಾಳ್ ಮೂಗು ತಾಗುವಷ್ಟು ಹತ್ತಿರ ಹೋಗಿ ಹನ್ನೆರಡು ಹೋಳಿನಲ್ಲೂ ತೂತು ಹುಡುಕಿದಳು. ಮಾತ್ರೆ ಶುರುವಾಗಿ ಒಂದು ವಾರಕ್ಕೆ ಪೊನ್ನುಸಾಮಿಗೆ ಬಾಯಿ ಒಣಗತೊಡಗಿತು. ಹೀಗಾಗುತ್ತದೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಮುದುಕಿ ಕೈಮುಗಿದಳು: "ನಾಚೀ, ಸೋರೋದು ನಿಂತುಹೋತು ಕಣೇ! ನೋಡು, ಬಾಯೆಲ್ಲ ಒಣಗಿದೆ!"

ನಿಂತಿರಲಿಲ್ಲ. ಎರಡನೇ ವಾರವೂ ಪೊನ್ನುಸಾಮಿ ಗೋಡೆಯ ಕಡೆಗೇ ಮಲಗಿದ್ದ. ಮೂರನೇ ವಾರವೂ ಅಷ್ಟೇ. ಈಶ್ವರನ್ ಗಣಪತಿಯಿಂದ ದಿನಾ ಸಂಜೆ ಬಸ್ಸು ಹತ್ತಿ ಬಂದು, ಮೊದಲು ಅಕ್ಕನ ಸೆರಗು ನೋಡಿ, ಆಮೇಲೆ ಭಾವನ ಮುಖ ನೋಡುತ್ತಿದ್ದ. ಗಂಟು ಇದ್ದಲ್ಲೇ ಇರುತ್ತಿತ್ತು, ಮುಖವೂ. ಆದರೆ ಮಾತ್ರೆ ಮಾತ್ರ ತಪ್ಪಲಿಲ್ಲ. ತೊಟ್ಟಿಯಲ್ಲಿ ಅದ್ದಿದ ನೂಲನ್ನು ಹೊತ್ತಿಗೆ ಮುಂಚೆ ತೆಗೆದು ಪೊನ್ನುಸಾಮಿಗೆ ಅಭ್ಯಾಸವಿರಲಿಲ್ಲ.

ಐದನೇ ವಾರದಲ್ಲಿ, ದೀಪಾವಳಿಗೆ ಇನ್ನೂ ದಿನ ಇರುವಾಗ, ನಾಚಿಯಮ್ಮ ಹೊಸ ಸೀರೆಯ ಮೇಲೆ ರವಿಕೆ ಬಟ್ಟೆ ಇಟ್ಟು ತಮ್ಮನಿಗೆ ತೋರಿಸುತ್ತಿದ್ದಳು. ಮಂಚದ ಕಡೆಯಿಂದ ಒಂದು ದನಿ ಬಂತು.

"ಟ್ಯೂಬ್ ಲೈಟಲ್ಲಿ ತಗೊಂಡ್ಯಾ?"

ಇಬ್ಬರೂ ತಿರುಗಿದರು. ಪೊನ್ನುಸಾಮಿ ಮೊಣಕೈ ಊರಿ ಎದ್ದಿದ್ದ. "ಸೀರೆ ಅರಗಿನ ಕೆಂಪು. ರವಿಕೆ ದಾಳಿಂಬೆ ಸಿಪ್ಪೆ. ಎರಡನ್ನೂ ಹಾಕ್ಕೊಂಡು ನನ್ನ ಹೆಂಡತಿ ಅಂತ ಬೀದಿಯಲ್ಲಿ ಹೇಳಬೇಡ."

ನಾಚಿಯಮ್ಮ ಮೂಗೊರೆಸಿಕೊಂಡಳು. ಆಮೇಲೆ ಸೊಂಟಕ್ಕೆ ಕೈಯಿಟ್ಟಳು. "ಐದಾರು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದು, ತೆಗೆದ ಕೂಡ್ಲೆ ನನ್ನ ರವಿಕೆಗೆ ಕುಂದು ಹೇಳ್ತೀರಾ? ನೀವೇನು ತಂದುಕೊಟ್ಟಿದ್ರಾ?" ಜಗಳ ಕನ್ನಡದಲ್ಲಿ ಹುಟ್ಟಿ ತಮಿಳಿಗೆ ದಾಟಿ ಅರ್ಧ ಗಂಟೆ ನಡೆಯಿತು. ಆ ಮನೆಯಲ್ಲಿ ಅಷ್ಟು ಇಂಪಾದ ಜಗಳವನ್ನು ಈಶ್ವರನ್ ಕೇಳಿರಲಿಲ್ಲ. ಪರವಾನಗಿ ಕೇಳದೆ ಎರಡನೇ ಲೋಟ ಕಾಫಿ ಬಗ್ಗಿಸಿಕೊಂಡ.

ಮತ್ತೆರಡು ವಾರ ಬಿಟ್ಟು, ಮಾಸ್ಟರ್ ಪಟ್ಟರೆಗೆ ಹೋಗಬಹುದೆಂದು ಡಾಕ್ಟರಮ್ಮ ಒಪ್ಪಿದರು. ಒಂದು ಭಾನುವಾರ ಬೆಳಗ್ಗೆ ನಾಚಿಯಮ್ಮ ಸೆರಗಿನ ಗಂಟು ಬಿಚ್ಚಿದಳು. ಗಂಟು ಬಿಗಿದುಹೋಗಿತ್ತು, ಹಲ್ಲು ಹಾಕಬೇಕಾಯಿತು. ಬೀಗದ ಕೈಯನ್ನು ಗಂಡನ ಅಂಗೈ ಮೇಲೆ ಇಟ್ಟು, ಅಡುಗೆ ಮನೆಗೆ ಹೋದಳು. ಪೊನ್ನುಸಾಮಿ ಅದನ್ನು ಹಿಡಿದು ಪಟ್ಟರೆಯ ಕಡೆ ನಡೆದ.

ಹನ್ನೊಂದು ಗಂಟೆಗೆ ವಾಪಸು ಬಂದಾಗ ಅವನ ಮೊಣಕೈವರೆಗೂ ಕೆಂಪು. ಜಗುಲಿಯಲ್ಲಿ ಕೂತು ಕಾಫಿ ಕೇಳಿದ. ಈಶ್ವರನ್ ಪಕ್ಕದಲ್ಲಿ ಕೂತು ತನ್ನ ಲೋಟ ಊದುತ್ತಿದ್ದ. ನಾಚಿಯಮ್ಮ ಹಬ್ಬಕ್ಕೆ ಮನೆ ಗುಡಿಸುತ್ತ ಕಿಟಕಿಯ ಪಟವನ್ನು ಕೆಳಗಿಳಿಸಿದವಳು, ಅದನ್ನು ಲಕೋಟೆಗೆ ಹಾಕುವ ಮುಂಚೆ ಇನ್ನೊಮ್ಮೆ ಬೆಳಕಿಗೆ ಹಿಡಿದಳು.

"ಏನುಂಗ, ಒಂದು ಮಾತು ಕೇಳ್ತೀನಿ. ಇಷ್ಟು ದೊಡ್ಡ ಕಾಯಿಲೆ, ಇಷ್ಟೊಂದು ಪಾಡು ಪಟ್ವಿ. ಈ ಪಟದಲ್ಲಿ ಮಾತ್ರ ಏನೂ ಇಲ್ಲ ಅಂದ್ರಲ್ಲ ಡಾಕ್ಟರಮ್ಮ, ಅದು ಹೇಗೆ?"

ಈಶ್ವರನ್ ಲೋಟ ಕೆಳಗಿಟ್ಟು ಪಂಚೆಯ ಗಂಟು ಬಿಗಿ ಮಾಡಿಕೊಂಡ.

ಪೊನ್ನುಸಾಮಿ ಕೆಂಪು ಬೆರಳುಗಳಿಂದ ಪಟದ ಅಂಚು ಹಿಡಿದು, ಬಾಗಿಲಿಗೆ ತಂದು, ಬಿಸಿಲಿನಲ್ಲಿ ಹನ್ನೆರಡು ಹೋಳನ್ನೂ ಒಂದೊಂದಾಗಿ ನೋಡಿ, ಹೆಂಡತಿಗೆ ವಾಪಸು ಕೊಟ್ಟ.

"ಅದು ನಿನ್ನ ತಮ್ಮನ ತಲೆ."